ಏಳನೇ ನಂಬರಿನ ಶೂ

ಕಚೇರಿಯಲ್ಲಿ ಎಲ್ಲರೂ ಅವರನ್ನು ಬೆಂಕಿಯಕ್ಕ ಎನ್ನುತ್ತಿದ್ದರು. ಸಿಡುಕಿನ ಸ್ವಭಾವಕ್ಕೆ ಬಂದ ಹೆಸರಲ್ಲ. ಎಲ್ಲಿ ಬೆಂಕಿ ಬಿದ್ದರೂ ಮೊದಲು ಅವರನ್ನೇ ಓಡಿಸುತ್ತಿದ್ದರು, ಅದಕ್ಕೆ. ವಯಸ್ಸಿನಲ್ಲಿ ದೊಡ್ಡವರಾದರೂ ಬುದ್ಧಿಯ ಬೆಳವಣಿಗೆ ಮಗುವಾಗಿದ್ದಾಗಲೇ ತೊಡಕಿಗೆ ಸಿಕ್ಕಿದ ಇಪ್ಪತ್ತಾರು ಜನರ ಜವಾಬ್ದಾರಿ ಅವರ ಮೇಲಿತ್ತು. ಒಬ್ಬರು ಮನೆಯ ಸಾಮಾನು ಒಡೆದರೂ, ಇನ್ನೊಬ್ಬರು ಬಸ್ಸಿನಿಂದ ಇಳಿಯಲಾರೆನೆಂದು ಹಟ ಹಿಡಿದರೂ ಫೋನು ಬರುತ್ತಿದ್ದುದು ಇವರಿಗೆ. ಹೋಗಿ ಸಮಾಧಾನ ಮಾಡಬೇಕು. ಆಮೇಲೆ ವೈದ್ಯರನ್ನೂ ಮನೆಯವರನ್ನೂ ಕೂರಿಸಿಕೊಂಡು ಮುಂದಿನ ದಾರಿ ಹುಡುಕಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. "ನನ್ನ ಹೆಸರಲ್ಲೂ ಒಂದು ಫೈಲ್ ಮಾಡಿಸ್ಬಿಡು, ಆಗಲಾದ್ರೂ ನೋಡೋಕೆ ಬರ್ತೀಯ" ಎಂದು ಗಂಡ ತಮಾಷೆ ಮಾಡುತ್ತಿದ್ದರು.

ಆ ಇಪ್ಪತ್ತಾರು ಜನರಲ್ಲಿ ದೊರೆಯೂ ಒಬ್ಬ. ಮೂವತ್ತನಾಲ್ಕರ ಆಳು, ಮಾತು ಬಾರದು. ರಟ್ಟಿನ ಪೆಟ್ಟಿಗೆ ಮಡಿಸುವ ಶೆಡ್ಡಿನಲ್ಲಿ ಕೆಲಸ. ಮಡಿಸಿದ್ದನ್ನು ಬೆನ್ನ ಹಿಂದೆ ಕೈಕಟ್ಟಿ ಪರೀಕ್ಷಿಸುತ್ತ ನಿಲ್ಲುವ ಗತ್ತಿಗೆ ಜೊತೆಯವರು ಇಟ್ಟ ಹೆಸರು ಅದು. ತಾಯಿ ತೀರಿಹೋದ ಮೇಲೆ ಐದು ಜನರ ಜೊತೆ ಒಂದು ಆಸರೆ ಮನೆಯಲ್ಲಿದ್ದ. ಒಡಹುಟ್ಟಿದ ಅಕ್ಕ ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದಳು.

ಹನ್ನೊಂದು ತಿಂಗಳಿಂದ ದೊರೆ ಬದಲಾಗಿದ್ದ. ಬೆಳಿಗ್ಗೆ ಕೆಲಸಕ್ಕೆ ಹೊರಡಿಸುವಾಗ ಒದೆಯುತ್ತಿದ್ದ. ಶೆಡ್ಡಿನಲ್ಲಿ ಮೇಜು ಉರುಳಿಸಿದ, ಮೇಸ್ತ್ರಿಯ ಕೈ ಕಚ್ಚಿದ. ಬೆಂಕಿಯಕ್ಕ ಪ್ರತಿಸಲವೂ ಹೋಗಿ ತಣ್ಣಗೆ ಮಾಡಿದರು. ತಾಯಿ ಹೋದ ಕೊರಗು ಎಂದು ಬರೆದರು, ಆಮೇಲೆ ಹಟ ಎಂದು ಬರೆದರು. ಅವರ ವರದಿ ನೋಡಿ ವೈದ್ಯರು ಶಾಂತಗೊಳಿಸುವ ಮಾತ್ರೆಯನ್ನು ಎರಡರಷ್ಟು ಮಾಡಿದರು. ದೊರೆ ಊಟದ ಮುಂದೆ ಕುಳಿತೇ ತೂಕಡಿಸತೊಡಗಿದ. ಎಚ್ಚರವಾದಾಗ ಮತ್ತೆ ಒದೆಯುತ್ತಿದ್ದ. ಕೊನೆಗೆ ಬಾಗಿಲಿಗೆ ಬೀಗವಿರುವ ದೊಡ್ಡ ಸಂಸ್ಥೆಗೆ ಅವನನ್ನು ಸೇರಿಸುವ ಕಾಗದಗಳು ಸಿದ್ಧವಾದವು. ಸಿದ್ಧಮಾಡಿದವರೂ ಅವರೇ.

ಆ ಸೋಮವಾರ ಹತ್ತು ಗಂಟೆಗೆ ಮೇಸ್ತ್ರಿಯ ಫೋನು. ದೊರೆ ಗಾಜಿನ ಬಾಗಿಲಿಗೆ ಒದ್ದು ಪುಡಿ ಮಾಡಿದ್ದ. ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಬೆಂಕಿಯಕ್ಕ ಹೋದಾಗ ಗೇಟಿನಲ್ಲಿ ಇಬ್ಬರು ಪೊಲೀಸರಿದ್ದರು. ಅವರನ್ನು ಹೊರಗೇ ನಿಲ್ಲಿಸಿ ಒಳಗೆ ಹೋದರು. ಅವನಿಂದ ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ ಕುಳಿತು, ಅವನ ಕಡೆ ನೋಡದೆ, ರಟ್ಟು ಮಡಿಸತೊಡಗಿದರು. ಬೇಕೆಂದೇ ಸೊಟ್ಟಗೆ ಮಡಿಸಿದರು. ಇಪ್ಪತ್ತು ಪೆಟ್ಟಿಗೆಯಾಗುವಷ್ಟರಲ್ಲಿ ದೊರೆ ಕುಳಿತಲ್ಲಿಂದಲೇ ತೆವಳಿಕೊಂಡು ಬಂದ. ಅವರ ಕೈಯಲ್ಲಿದ್ದುದನ್ನು ಕಿತ್ತುಕೊಂಡು ನೆಟ್ಟಗೆ ಮಡಿಸಿಕೊಟ್ಟ. ಮೇಸ್ತ್ರಿ ಗೇಟಿಗೆ ಹೋಗಿ ಪೊಲೀಸರನ್ನು ಕಳಿಸಿಬಂದ.

ದೊರೆಯ ಎಡಗಾಲಿನ ಶೂ ಅಂಚಿನಲ್ಲಿ ರಕ್ತ ಜಿನುಗುತ್ತಿತ್ತು. ಗಾಜು ಚುಚ್ಚಿರಬೇಕೆಂದು ನರ್ಸನ್ನು ಕರೆಸಿದರು. ಯಾವತ್ತೂ ಕಾಲು ಮುಟ್ಟಲು ಬಿಡದವನು, ಅಂದು ಮಾತ್ರೆಯ ಮಂಪರಿಗೋ ಸುಸ್ತಿಗೋ, ಸುಮ್ಮನೆ ಚಾಚಿದ. ನರ್ಸು ಲೇಸು ಕತ್ತರಿಸಿ ಶೂ ಎಳೆದರು, ಬರಲಿಲ್ಲ. ಮತ್ತೆ ಎಳೆದರು. ಬಂದ ಶೂ ಒಳಗೆ ಗಾಜಿನ ಒಂದು ಚೂರೂ ಇರಲಿಲ್ಲ. ರಾತ್ರಿಯೂ ಬಿಚ್ಚಗೊಡದ ಕಪ್ಪು ಕಾಲುಚೀಲ ಚರ್ಮಕ್ಕೆ ಅಂಟಿಹೋಗಿತ್ತು. ಬಿಸಿನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು.

ಬೆರಳುಗಳು ಒಂದರ ಮೇಲೊಂದು ಹತ್ತಿ ಮಡಚಿಕೊಂಡಿದ್ದವು. ಎರಡು ಉಗುರು ಇರಲೇ ಇಲ್ಲ. ಹೆಬ್ಬೆರಳಿನದು ಮಾಂಸದೊಳಗೆ ಹೊಕ್ಕು ಕೀವು ತುಂಬಿತ್ತು. ಬಲಗಾಲೂ ಹಾಗೆಯೇ.

"ಗಾಜಿನ ಗಾಯ ಅಲ್ಲಮ್ಮ ಇದು. ತಿಂಗಳುಗಟ್ಟಲೆ ಹಳೇದು," ಎಂದು ನರ್ಸು ಶೂ ತಿರುಗಿಸಿ ಅಡಿ ನೋಡಿದರು. "ಏಳನೇ ನಂಬರ್. ಇವರಿಗೆ ಒಂಬತ್ತಾದ್ರೂ ಬೇಕು. ಯಾರು ಕೊಡಿಸಿದ್ದು ಇದನ್ನ?"

ಬೆಂಕಿಯಕ್ಕ ಶೂವನ್ನು ಕೈಗೆ ತೆಗೆದುಕೊಂಡು ತಾವೇ ಆ ಅಂಕಿ ನೋಡಿದರು.

ಹನ್ನೊಂದು ತಿಂಗಳ ಹಿಂದೆ ಶೆಡ್ಡಿನಲ್ಲಿ ಎಲ್ಲರೂ ಮುಂದೆ ಉಕ್ಕಿನ ತಗಡಿರುವ ಶೂ ಹಾಕಲೇಬೇಕೆಂಬ ನಿಯಮ ಬಂದಿತ್ತು. ಅಲ್ಲಿಯವರೆಗೆ ದೊರೆ ಹಿಮ್ಮಡಿ ಹೊರಗೆ ಚಾಚುವ ಸಡಿಲ ಚಪ್ಪಲಿಯಲ್ಲೇ ಓಡಾಡಿದವನು. ಶೂ ಅಳತೆ ಕಳಿಸಿ ಎಂದು ಶೆಡ್ಡಿನವರು ಕೇಳಿದ್ದರು. ಕಳಿಸಿದ್ದು ಇವರು. ಶೂ ಕಳಚಿದ ಆ ಸೋಮವಾರ ಮಧ್ಯಾಹ್ನವೇ ಕಚೇರಿಗೆ ಹೋಗಿ ದೊರೆಯ ಫೈಲು ತೆಗೆದರು. ಅವನಿಗೆ ಹದಿನಾರಾಗಿದ್ದಾಗ ತಾಯಿ ಹೇಳಿ ಬರೆಸಿದ ಅಳತೆ: ಏಳು. ಆಮೇಲೆ ವರ್ಷಕ್ಕೊಂದರಂತೆ ಹದಿನೆಂಟು ತಪಾಸಣೆಯ ಹಾಳೆ. ಪ್ರತಿಯೊಂದರಲ್ಲೂ ಅಳತೆಯ ಸಾಲಿನ ಮುಂದೆ ತಮ್ಮದೇ ದುಂಡನೆಯ ಅಕ್ಷರ: "ಹಿಂದಿನಂತೆಯೇ." ಪಕ್ಕದ ಮೇಜಿನವರು ಚಹಾ ತಂದಿಟ್ಟದ್ದು, ಅದು ಆರಿದ್ದು, ಒಂದೂ ಗೊತ್ತಾಗಲಿಲ್ಲ. ಅವನು ಪ್ರತಿದಿನ ಬೆಳಿಗ್ಗೆ ಒದ್ದು ಒದ್ದು ಹೇಳಿದ್ದ. ಆಸರೆ ಮನೆಯವರು ಇಬ್ಬರು ಸೇರಿ ಹಿಡಿದು ಶೂ ತುರುಕುತ್ತಿದ್ದರು. ಹಾಗೆ ಗಟ್ಟಿಯಾಗಿ ಹಿಡಿಯುವುದನ್ನು ಕಲಿಸಿಕೊಟ್ಟವರೂ ಇವರೇ.

ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ದೊರೆಯ ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಬೈಗುಳಕ್ಕೆ ತಯಾರಾಗಿಯೇ ಕುಳಿತಿದ್ದರು.

"ನಾನೂ ಪ್ರತಿ ತಿಂಗಳು ಬರ್ತಿದ್ನಲ್ಲ," ಎಂದಳು ಅವಳು. "ಮುಖ ನೋಡಿ ಹೋಗ್ತಿದ್ದೆ. ಕಾಲು ನೋಡ್ಲಿಲ್ಲ."

ಬೈದಿದ್ದರೇ ಹಗುರವಾಗುತ್ತಿತ್ತೇನೋ.

ಆ ವಾರದ ಸಭೆಯಲ್ಲಿ ಬೆಂಕಿಯಕ್ಕ ಹದಿನೆಂಟು ಹಾಳೆಗಳನ್ನೂ ಮೇಜಿನ ಮೇಲೆ ಹರಡಿದರು. ಮೇಲಧಿಕಾರಿ ಒಳ್ಳೆಯ ಮನುಷ್ಯ. "ಸಲಕರಣೆಯ ಲೋಪ" ಎಂದು ಬರೆದು ಮುಗಿಸೋಣ ಎಂದರು. ಬೆಂಕಿಯಕ್ಕ ಒಪ್ಪಲಿಲ್ಲ. "ನಾನು ನೋಡಲಿಲ್ಲ ಅಂತ ಬರೀರಿ ಸರ್," ಎಂದರು. ಎಚ್ಚರಿಕೆಯ ಪತ್ರ ಬಂತು, ಸಹಿ ಹಾಕಿ ತೆಗೆದುಕೊಂಡರು. ಬೀಗದ ಸಂಸ್ಥೆಯ ಕಾಗದಗಳು ರದ್ದಾದವು. ಮುಂದಿನ ಹದಿನೈದು ದಿನ ಉಳಿದ ಇಪ್ಪತ್ತೈದು ಜನರ ಮನೆಗಳಿಗೂ ಹೋಗಿ ಕಾಲು, ಹಲ್ಲು, ಕಿವಿ ನೋಡಿಸಿದರು. ಒಬ್ಬಾಕೆಯ ಕನ್ನಡಕದ ನಂಬರು ಒಂಬತ್ತು ವರ್ಷ ಹಳೆಯದಾಗಿತ್ತು. ಆಕೆ ಮೆಟ್ಟಿಲು ಇಳಿಯದಿದ್ದುದಕ್ಕೆ ಅವಳ ಫೈಲಿನಲ್ಲೂ ಹಟ ಎಂದೇ ಬರೆದಿತ್ತು.

ದೊರೆಯ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಮಾತ್ರೆಯನ್ನು ಮೆಲ್ಲಮೆಲ್ಲಗೆ ಇಳಿಸಲು ಒಂದು ವರ್ಷ. ಆಮೇಲೆ ಅವನು ಯಾರನ್ನೂ ಒದೆಯಲಿಲ್ಲ. ಬೆಂಕಿಯಕ್ಕ ಬಂದರೆ ಮಾತ್ರ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಿದ್ದ. ಅವರು ದೂರದಲ್ಲೇ ಕೂರುವುದನ್ನು ರೂಢಿ ಮಾಡಿಕೊಂಡರು.

ಒಂದು ಭಾನುವಾರ ಅವನ ಅಕ್ಕ ಫೋನು ಮಾಡಿದಳು. ತಮ್ಮನನ್ನು ಎರಡು ದಿನಕ್ಕೆ ಮನೆಗೆ ಕರೆದೊಯ್ದಿದ್ದಳಂತೆ. ಬಸ್ ನಿಲ್ದಾಣದಲ್ಲಿ ಆಟೋ ಹುಡುಕುತ್ತ ನಿಂತರೆ, ಅವನು ಅವಳ ಕೈ ಹಿಡಿದು ಎಳೆದುಕೊಂಡು ನಡೆದೇಬಿಟ್ಟನಂತೆ. ಮನೆ ಬಂದರೂ ನಿಲ್ಲದೆ ಇನ್ನೂ ಎರಡು ಬೀದಿ ಸುತ್ತಿಸಿದನಂತೆ.

"ಅವನಿಗೆ ನಡೆಯೋದು ಇಷ್ಟ ಕಣಕ್ಕ," ಎಂದಳು. "ನನಗೆ ಗೊತ್ತೇ ಇರಲಿಲ್ಲ."

ಬೆಂಕಿಯಕ್ಕ ಮರುದಿನ ಕಚೇರಿಯಲ್ಲಿ ದೊರೆಯ ಫೈಲು ತೆಗೆದು ಹೊಸದೊಂದು ಸಾಲು ಬರೆದರು: "ನಡೆಯುವುದು ಇಷ್ಟ."