ಆನೆ ದೀಪದ ಸರ್ವರಿನಲ್ಲಿ ಒಂದು ಸೊನ್ನೆ

ಕೊರೊನಾ ಮುಗಿದ ಮೇಲಿನ ಎರಡನೇ ಕಾಫಿ ಕೊಯ್ಲಿನ ಹೊತ್ತಿಗೆ ನಾನು ಮೂಡಿಗೆರೆಯಲ್ಲಿ ಸಿಸ್ಟಂ ಅಡ್ಮಿನ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ನೋಡಿಕೊಳ್ಳಬೇಕಾದ ಸರ್ವರ್ ಒಂದೇ. ಬಣಕಲ್ ಸುತ್ತಿನ ಕೆಲವು ಎಸ್ಟೇಟಿನವರು ಸೇರಿ, ಆನೆ ಬಂದದ್ದನ್ನು ಕೆಲಸಗಾರರಿಗೆ ತಿಳಿಸಲು ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಆನೆಯ ಜಾಡು ಹಿಡಿದು ಜೀಪಿನಲ್ಲಿ ತಿರುಗುವ ಟ್ರ್ಯಾಕರ್‌ಗಳು ತಮ್ಮ ವೈರ್‌ಲೆಸ್ ಸೆಟ್ಟಿನಲ್ಲಿ ಜಾಗದ ನಂಬರ್ ಒತ್ತುತ್ತಿದ್ದರು. ಗುಡ್ಡದ ಮೇಲಿನ ಕೋಣೆಯಲ್ಲಿದ್ದ ಸರ್ವರ್ ಅದನ್ನು ಪಡೆದು, ಸಿಕ್ಕಿತು ಎಂಬುದಕ್ಕೆ ಸೆಟ್ಟಿಗೆ ‘ಟಿಂಗ್’ ಎಂಬ ಸದ್ದು ಕಳಿಸಿ, ಆ ದಾರಿಯ ಎರಡೂ ತುದಿಯ ಕಂಬಗಳಲ್ಲಿ ಕೆಂಪು ದೀಪ ಹಚ್ಚುತ್ತಿತ್ತು. ದೀಪ ಉರಿಯುತ್ತಿದ್ದರೆ ಆ ದಾರಿಗೆ ಇಳಿಯುವಂತಿಲ್ಲ. ಆರಿದ್ದರೆ ಹೋಗಬಹುದು. ಇಷ್ಟೇ ನಿಯಮ. ಎಲ್ಲರೂ ಅದನ್ನು ನಂಬಿ ಕೆಲಸಕ್ಕೆ ಹೋಗುತ್ತಿದ್ದರು.

ಆ ಕೋಣೆಗೆ ನನ್ನ ಹೊರತು ಯಾರೂ ಬರುತ್ತಿರಲಿಲ್ಲ. ಎಸ್ಟೇಟಿನವರಿಗೆ ನಾನು ‘ಲೈಟ್ ಮೇಡಂ’. ಸರ್ವರಿನ ತೊಂದರೆ ಏನಾದರೂ ಹೇಳಹೊರಟರೆ ನಯವಾಗಿ ತಲೆಯಾಡಿಸಿ ಕಾಫಿ ಕೊಡುತ್ತಿದ್ದರು. ಸಂಜೆ ಬಾಡಿಗೆ ರೂಮಿಗೆ ಮರಳಿದ ಮೇಲೆ, ಇಡೀ ದಿನ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲವಲ್ಲ ಅನಿಸಿದ ದಿನಗಳು ಎಷ್ಟೋ.

ನಾನು ಹೇಳಹೊರಟ ತೊಂದರೆ ಸಣ್ಣದೇ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ಒಳಗಿನ ಮುಖ್ಯ ಭಾಗ. ಯಂತ್ರಕ್ಕೂ ಉಳಿದ ಪ್ರೋಗ್ರಾಂಗಳಿಗೂ ನಡುವೆ ಇರುವಂಥದ್ದು. ತಾನು ಸರಿಪಡಿಸಲಾರದ ದೋಷ ಎದುರಾದಾಗ ಅದು ಇದ್ದಲ್ಲೇ ನಿಂತುಬಿಡುತ್ತದೆ. ಇದಕ್ಕೆ ಕರ್ನಲ್ ಪ್ಯಾನಿಕ್ ಎನ್ನುತ್ತಾರೆ. ನಿಂತ ಮೇಲೆ ಏನು ಮಾಡಬೇಕು ಎಂಬುದಕ್ಕೆ ಒಂದು ಸೆಟ್ಟಿಂಗ್ ಇದೆ, ಅದೊಂದು ಸಂಖ್ಯೆ. ಹತ್ತು ಎಂದಿದ್ದರೆ ಹತ್ತು ಸೆಕೆಂಡಿನ ನಂತರ ಯಂತ್ರ ತಾನಾಗಿ ಮತ್ತೆ ಶುರುವಾಗುತ್ತದೆ. ಸೊನ್ನೆ ಎಂದಿದ್ದರೆ ಮನುಷ್ಯರು ಬಂದು ಬಟನ್ ಒತ್ತುವವರೆಗೆ ಹಾಗೇ ನಿಂತಿರುತ್ತದೆ. ನಮ್ಮದರಲ್ಲಿ ಸೊನ್ನೆ ಇತ್ತು. ಪಕ್ಕದ ಕೋಣೆಯಲ್ಲೇ ಸಿಬ್ಬಂದಿ ಕೂತಿರುವ ಆಫೀಸಿನಲ್ಲಿ ಅದು ತಪ್ಪಲ್ಲ. ಅವರು ಬಂದು ಪರದೆಯ ಮೇಲಿನ ಸಂದೇಶ ಓದಿಕೊಳ್ಳಬಹುದು. ನಮ್ಮ ಪಕ್ಕದ ಕೋಣೆ ಕಾಡು.

ಚಿಕ್ಕಮಗಳೂರಿನಲ್ಲಿದ್ದ ನಮ್ಮ ಮೇಲಧಿಕಾರಿಗೆ ಇದನ್ನು ಫೋನಿನಲ್ಲಿ ವಿವರಿಸಿದ್ದೆ.

“ಓಡ್ತಾ ಇರೋದನ್ನ ಯಾಕಮ್ಮ ಕೆದಕ್ತೀಯ? ಹಣ್ಣು ಕುಯ್ಲು ಮುಗೀಲಿ, ಆಮೇಲೆ ನೋಡೋಣ.”

“ಸರ್, ನಿಂತುಹೋದ್ರೆ ನಮಗೆ ಗೊತ್ತೇ ಆಗಲ್ಲ.”

“ನಿಂತಿದೆಯಾ ಈಗ?”

“ಇಲ್ಲ ಸರ್.”

“ಮತ್ತೆ?”

ನಾಲ್ಕನೇ ಸಲ ಫೋನ್ ಮಾಡಿದಾಗ ಬೇಸತ್ತು ಒಪ್ಪಿದರು. ಮರುದಿನ ಬೆಳಿಗ್ಗೆಯೇ ಸ್ಕೂಟರ್ ಹತ್ತಿದೆ.

ಡಿಸೆಂಬರ್ ತಿಂಗಳು, ಮಂಜು ಇನ್ನೂ ಕರಗಿರಲಿಲ್ಲ. ಎಸ್ಟೇಟಿನ ಗೇಟಿನ ಬಳಿ ಗಿರಿಜಕ್ಕ ಸಿಕ್ಕಳು. ಹಣ್ಣು ಕುಯ್ಯುವವರಿಗೆ ಟೀ ಒಯ್ಯುವುದು ಅವಳ ಕೆಲಸ. ಉಳಿದವರೆಲ್ಲ ಗುಂಪಾಗಿ ಹೋದ ಮೇಲೆ ಇವಳು ದೊಡ್ಡ ಅಲ್ಯೂಮಿನಿಯಂ ಕೆಟಲ್ ಹಿಡಿದು ಒಬ್ಬಳೇ ಹೋಗಬೇಕು.

“ಎಂತ ಮೇಡಂ, ಇಷ್ಟು ಬೇಗ? ರಾತ್ರಿ ನಿದ್ದೆ ಬರ್ಲಿಲ್ವಾ?”

“ನಿಮ್ಮ ಲೈಟಿಗೆ ಒಂದು ರಿಪೇರಿ ಇದೆ ಗಿರಿಜಕ್ಕ.”

“ಲೈಟ್ ಚೆನ್ನಾಗೇ ಇದೆ ಮಾರಾಯ್ರೆ. ನೋಡಿ, ಆರಿದೆ. ನಮ್ಮ ಮೇಸ್ತ್ರಿ ಬಾಯಿಗೆ ಏನಾದ್ರೂ ರಿಪೇರಿ ಇದ್ರೆ ಮಾಡಿ.”

ನಾನೂ ಗೇಟಿನ ಕಂಬದ ದೀಪ ನೋಡಿದೆ. ಆರಿತ್ತು. ಸ್ಕೂಟರ್ ನಿಲ್ಲಿಸಿ, ಗೇಟಿನಿಂದ ಕೆರೆಯ ಏರಿಯವರೆಗೆ ಹೋಗುವ ಕೆರೆ ದಾರಿಯಲ್ಲೇ ಸ್ವಲ್ಪ ದೂರ ನಡೆದು, ಗುಡ್ಡದ ಕಾಲುದಾರಿಗೆ ತಿರುಗಿದೆ. ಗಿರಿಜಕ್ಕ ಇನ್ನೂ ಕೆಟಲ್‌ಗೆ ಟೀ ತುಂಬಿಸುತ್ತಿದ್ದಳು.

ಕೋಣೆಯ ಬಾಗಿಲು ತೆಗೆದರೆ ಪರದೆಯ ತುಂಬ ಬಿಳಿ ಅಕ್ಷರ. ಕೊನೆಯ ಸಾಲಿನಲ್ಲಿ ಕರ್ನಲ್ ಪ್ಯಾನಿಕ್. ಕೀಬೋರ್ಡಿಗೆ ಉತ್ತರವಿಲ್ಲ. ಅದು ಯಾವಾಗ ನಿಂತಿತ್ತೋ! ಮೇಜಿನ ಮೇಲಿದ್ದ ವೈರ್‌ಲೆಸ್‌ನಲ್ಲಿ ಟ್ರ್ಯಾಕರ್ ಸುಧಾಕರಣ್ಣನ ದನಿ ಒಂದೇ ಸಮನೆ ಬರುತ್ತಿತ್ತು.

“ಯಾರಾದ್ರೂ ಇದ್ದೀರಾ? ಆಗಿಂದ ಒತ್ತುತ್ತಾ ಇದ್ದೀನಿ, ಟಿಂಗ್ ಅಂತ ವಾಪಸ್ ಬರ್ತಾನೇ ಇಲ್ಲ. ತಗ್ಗಲ್ಲಿ ಸೆಟ್ ಹಿಡೀತಿಲ್ಲ ಅಂದ್ಕೊಂಡೆ.”

“ನಾನಿದ್ದೀನಿ ಅಣ್ಣ. ಸರ್ವರ್ ನಿಂತುಹೋಗಿದೆ. ಆನೆ ಎಲ್ಲಿ?”

“ಒಂಟಿ ಸಲಗ. ಕೆರೆ ದಾರಿ ಪಕ್ಕದಲ್ಲೇ ಇದೆ. ಯಾರೂ ಇಳಿದಿಲ್ಲ ತಾನೇ?”

ಪವರ್ ಬಟನ್ ಒತ್ತಿಹಿಡಿದು ಆರಿಸಿ, ಮತ್ತೆ ಹಚ್ಚಿದೆ. ಯಂತ್ರ ಅರ್ಧಕ್ಕೇ ನಿಂತಿದ್ದರಿಂದ ಶುರುವಾಗುವ ಮೊದಲು ಡಿಸ್ಕನ್ನೆಲ್ಲ ಪರೀಕ್ಷಿಸಲು ತೊಡಗಿತು. ಅದನ್ನು ಅವಸರಪಡಿಸುವಂತಿಲ್ಲ. ಹೊರಗೆ ಓಡಿ ಬಂಡೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದೆ. ಮಂಜಿನ ನಡುವೆ ಕೆರೆ ದಾರಿಯಲ್ಲಿ ಕೆಟಲ್ ಮಿಂಚಿತು. ಗಿರಿಜಕ್ಕ ಗೇಟಿನ ದೀಪ ದಾಟಿ ಬಹಳ ದೂರ ಬಂದಾಗಿತ್ತು. ಕೂಗಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶೆಡ್ಡಿನ ಎಂಜಿನ್ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಆ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮತ್ತೆ ಒಳಗೆ ಓಡಿದೆ.

“ಅಣ್ಣ, ಗಿರಿಜಕ್ಕ ದಾರಿಯಲ್ಲಿದ್ದಾಳೆ. ಪಟಾಕಿ ಹೊಡೀರಿ!”

“ಹೊಡೆದ್ರೆ ಅದು ನುಗ್ಗೋದು ಅವಳ ಕಡೆಗೇ. ಬೇಡ. ನಾನು ಹಳ್ಳದ ಈಚೆ ಇದ್ದೀನಿ, ಜೀಪ್ ಸುತ್ತಿ ಬರ್ಬೇಕು. ನೀವು ಲೈಟ್ ಹಾಕಿ. ಕೆರೆ ಏರಿ ಹತ್ರದ ಲೈಟ್ ಅವಳ ಎದುರಿಗೇ ಇದೆ.”

“ಇನ್ನೂ ಶುರುವಾಗಿಲ್ಲ. ನೀವು ನಂಬರ್ ಒತ್ತುತ್ತಾ ಇರಿ, ನಿಲ್ಲಿಸ್ಬೇಡಿ.”

ನನ್ನ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಪರದೆಯ ಮೇಲೆ ಶೇಕಡಾ ಲೆಕ್ಕ ಏರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಏರುತ್ತಿತ್ತು. ಓಡಿ ಇಳಿದರೂ ಅವಳನ್ನು ಮುಟ್ಟಲಾರೆ ಎಂದು ಗೊತ್ತಿತ್ತು. ಕೂತು ಕಾಯಲೂ ಆಗಲಿಲ್ಲ. ಬಾಗಿಲಿಗೂ ಮೇಜಿಗೂ ನಡುವೆ ಓಡಾಡಿದೆ. ಕಂಪ್ಯೂಟರ್ ಕಲಿತ ಮೇಲೆ ಅದರ ಮುಂದೆ ಕೈ ಮುಗಿದದ್ದು ಅದೊಂದೇ ಸಲ.

ವೈರ್‌ಲೆಸ್‌ನಲ್ಲಿ ಟಿಂಗ್ ಎಂದಿತು.

ಬಂಡೆಗೆ ಬಂದಾಗ ಏರಿಯ ಬಳಿ ಮಂಜು ಕೆಂಪಾಗಿತ್ತು. ಗಿರಿಜಕ್ಕ ನಿಂತುಬಿಟ್ಟಿದ್ದಳು. ಅವಳಿಗೂ ದೀಪಕ್ಕೂ ನಡುವೆ ಕಾಫಿ ಗಿಡಗಳು ಅಲುಗಾಡಿದವು. ಸಲಗ ದಾರಿಗೆ ಬಂತು. ಒಂದು ಲಾರಿಯ ಉದ್ದದಷ್ಟು ದೂರ ಇದ್ದಿರಬಹುದು ಅವರಿಬ್ಬರ ನಡುವೆ. ಅದು ತಲೆ ತಿರುಗಿಸಿತು. ಗಿರಿಜಕ್ಕ ಕೆಟಲನ್ನು ನಿಧಾನವಾಗಿ ನೆಲಕ್ಕಿಟ್ಟು ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಇನ್ನೆರಡು ಹೆಜ್ಜೆ ಮುಂದೆ ಹೋಗಿದ್ದರೆ ಎಂದು ಈಗಲೂ ಲೆಕ್ಕ ಹಾಕುತ್ತೇನೆ. ಆನೆ ಕೆಟಲನ್ನು ಮೂಸಿ, ಕಾಲಿನಿಂದ ಉರುಳಿಸಿ, ಆಚೆ ಬದಿಯ ಸಿಲ್ವರ್ ಓಕ್ ಮರಗಳ ನಡುವೆ ಇಳಿದುಹೋಯಿತು.

ಆಮೇಲೆ ಸುಧಾಕರಣ್ಣ ನನ್ನನ್ನು ಕರೆದುಕೊಂಡು ಹೋಗಿ ಗುಡ್ಡದ ಕಾಲುದಾರಿ ತಿರುಗುವಲ್ಲಿ ನೆಲ ತೋರಿಸಿದ. ಸಲಗದ ದೊಡ್ಡ ಹೆಜ್ಜೆ ಗುರುತು. ಅದರೊಳಗೆ ನನ್ನ ಶೂ ಅಚ್ಚು. ಸಲಗ ದಾಟಿದ ಸ್ವಲ್ಪ ಹೊತ್ತಿಗೆ ನಾನು ಆ ಗುರುತನ್ನು ತುಳಿದುಕೊಂಡೇ ಹತ್ತಿದ್ದೆ, ದೀಪ ಆರಿದೆಯೆಂಬ ಧೈರ್ಯದಲ್ಲಿ. ಅವತ್ತು ಕೆಲಸಗಾರರ ಮನೆಗಳ ಲೈನಿನಲ್ಲಿ ಎಲ್ಲರೂ ಲೈಟಿನಿಂದ ಗಿರಿಜಕ್ಕನ ಜೀವ ಉಳಿಯಿತು ಎಂದು ಮಾತಾಡಿಕೊಂಡರು. ಅದೇ ಲೈಟಿನಿಂದ ಜೀವ ಹೋಗುವುದರಲ್ಲಿತ್ತು ಎಂದು ನಾನು ಹೇಳಿದ್ದು ಅಲ್ಲಿ ಯಾರಿಗೂ ಹಿಡಿಸಲಿಲ್ಲ. ಗಿರಿಜಕ್ಕ ಆಗ ಅಲ್ಲಿರಲಿಲ್ಲ. ನಾನು ರೂಮಿಗೆ ಬಂದೆ.

ಸೊನ್ನೆಯನ್ನು ಹತ್ತು ಮಾಡಲು ಒಂದು ಸಾಲಿನ ಕಮಾಂಡ್ ಸಾಕು. ಆದರೆ ಅದು ಆ ಹೊತ್ತಿಗಷ್ಟೇ. ಯಂತ್ರ ಆರಿ ಹತ್ತಿದರೆ ಹಳೆಯ ಸೊನ್ನೆಯೇ ಮರಳುತ್ತದೆ. ಉಳಿಯಬೇಕಾದರೆ ಸೆಟ್ಟಿಂಗ್ ಫೈಲಿನಲ್ಲೂ ಬರೆಯಬೇಕು. ಎರಡನ್ನೂ ಮಾಡಿದೆ. ಅಷ್ಟರಿಂದ ಸಮಾಧಾನವಾಗಲಿಲ್ಲ. ಕಂಬಗಳಲ್ಲಿ ದೀಪ ಹಚ್ಚುವ ಪೆಟ್ಟಿಗೆಗಳನ್ನೂ ಬದಲಾಯಿಸಿದೆವು. ಸರ್ವರ್ ಪ್ರತಿ ನಿಮಿಷ ‘ಇದ್ದೇನೆ’ ಎಂದು ಸಂದೇಶ ಕಳಿಸಬೇಕು. ಬರದಿದ್ದರೆ ದೀಪ ತಾನಾಗಿ ಕೆಂಪಗೆ ಹತ್ತಬೇಕು.

ಇದನ್ನು ಪರೀಕ್ಷಿಸಲು ಯಂತ್ರವನ್ನು ಬೇಕೆಂದೇ ಕೆಡವಬೇಕು. ಅದಕ್ಕೂ ಒಂದು ಕಮಾಂಡ್ ಇದೆ. ಭಾನುವಾರ ಮಧ್ಯಾಹ್ನ, ಎಲ್ಲರೂ ಲೈನಿನಲ್ಲೇ ಇದ್ದಾರೆಂದು ಸುಧಾಕರಣ್ಣ ಖಚಿತಪಡಿಸಿದ ಮೇಲೆ, ಕೋಣೆಯಲ್ಲಿ ಒಬ್ಬಳೇ ಕೂತು ಆ ಕಮಾಂಡ್ ಕೊಟ್ಟೆ. ಪರದೆ ನಿಂತಿತು. ಹತ್ತು ಸೆಕೆಂಡ್ ಕಳೆದು ಯಂತ್ರ ತಾನಾಗಿ ಮತ್ತೆ ಶುರುವಾಯಿತು. ಅದು ಸಿದ್ಧವಾಗುವುದರೊಳಗೆ ಕೆಳಗೆ ಜನರಿಲ್ಲದ ದಾರಿಗಳಲ್ಲಿ ಕೆಂಪು ದೀಪಗಳೆಲ್ಲ ಹತ್ತಿ, ಕೆಲವು ನಿಮಿಷ ಉರಿದು, ಸರ್ವರ್ ಮತ್ತೆ ‘ಇದ್ದೇನೆ’ ಎಂದ ಮೇಲೆ ಒಂದೊಂದಾಗಿ ಆರಿದವು. ಬಂಡೆಯ ಮೇಲಿಂದ ಅವನ್ನೆಲ್ಲ ಒಟ್ಟಿಗೆ ನೋಡಿದವಳು ನಾನೊಬ್ಬಳೇ.

ಮರುದಿನ ಗಿರಿಜಕ್ಕ ದಬಾಯಿಸಿದಳು. “ನಿನ್ನೆ ಆನೆ ಇಲ್ದೇನೂ ಲೈಟ್ ಹತ್ತಿತ್ತಂತೆ?”

“ಆನೆ ಇದೆಯೋ ಇಲ್ವೋ ಗೊತ್ತಿಲ್ಲ ಅನ್ನೋದಕ್ಕೂ ಇನ್ಮೇಲೆ ಕೆಂಪೇ, ಗಿರಿಜಕ್ಕ.”

ಅವಳು ಗೇಟಿನ ಕಂಬದ ಕಡೆ ತಿರುಗಿ ನೋಡಿದಳು. “ಹಂಗಾದ್ರೆ ಅವತ್ತು ನಾನು ನೋಡ್ಕೊಂಡು ಹೋದ ಈ ಲೈಟಿಗೆ ಏನೂ ಗೊತ್ತಿರ್ಲಿಲ್ಲ.”

“ಇರ್ಲಿಲ್ಲ.”

“ಇದನ್ನ ನಂಗೆ ಅವತ್ತೇ ಹೇಳ್ಬೇಕಿತ್ತು ನೀವು,” ಎಂದು ಹೊಸ ಕೆಟಲ್ ಎತ್ತಿಕೊಂಡು ಹೊರಟಳು.

ಈ ಕೆಲಸ ನನಗೆ ಕಲಿಸಿದ್ದು ಇದನ್ನೇ. ಯಂತ್ರ ಸುಮ್ಮನಿದ್ದರೆ ಅಪಾಯವಿಲ್ಲವೆಂದು ಹೇಳುತ್ತಿದೆಯೋ, ಏನೂ ಹೇಳಲಾಗದೆ ನಿಂತಿದೆಯೋ ಎಂದು ಮೊದಲು ಕೇಳಬೇಕು. ಈಗಲೂ ಆರಿದ ದೀಪದ ಮುಂದೆ ಸ್ಕೂಟರ್ ನಿಲ್ಲಿಸುತ್ತೇನೆ. ಸೆಟ್ ಕೈಗೆತ್ತಿಕೊಂಡು, ಯಾವ ದಾರಿಯದೂ ಅಲ್ಲದ ಒಂದು ಪರೀಕ್ಷೆಯ ನಂಬರ್ ಒತ್ತುತ್ತೇನೆ. ಟಿಂಗ್ ಎಂದ ಮೇಲೆಯೇ ಗೇಟು ದಾಟುತ್ತೇನೆ.