ಬಾಗಿಲ ಬಳಿ ನಿಂತವರಿಗೂ ಕಾಣುವ ಪರದೆ

ಹುಣಸೂರಿನ ಬಜಾರ್ ರಸ್ತೆಯ ಹಿಂದಿನ ಓಣಿಗೆ ಇನ್ನೂ ಹಾಲಿನವನೂ ಬಂದಿಲ್ಲ. ಬೆಳಗಿನ ನಮಾಜು ಮುಗಿಸಿದ ಶಾಹಿಸ್ತಾ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಒತ್ತಿದ ಕೂಡಲೇ ಹೊತ್ತಿಕೊಳ್ಳುವ ಜಾಯಮಾನ ಅವರ ಹಳೇ ಮಾನಿಟರಿಗೆ ಯಾವತ್ತೋ ಹೋಗಿದೆ. ಬೆನ್ನಿಗೆರಡು ತಟ್ಟಿದರೆ ಮಂಕಾಗಿ ಕಣ್ಣು ಬಿಡುತ್ತದೆ. ಪರದೆ ಮೇಲೆ ಒಬ್ಬ ರೈತನ ಮುಖ.

"ಈ ಮುಖ ನಾನು ಕೆಡಿಸಿಬಿಟ್ಟಿದ್ದೀನಿ," ಅನ್ನುತ್ತಾರೆ. "ಭಾನುವಾರದೊಳಗೆ ಸರಿ ಮಾಡ್ಬೇಕು."

ಶಾಹಿಸ್ತಾ ಅವರ ಕೆಲಸ ತೀರಿಹೋದವರ ಫೋಟೋ ಮಾಡುವುದು. ಯಾರದೋ ಮದುವೆಯ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತವರನ್ನು, ರೇಷನ್ ಕಾರ್ಡಿನ ಮಸುಕು ಮುಖವನ್ನು ಬಿಡಿಸಿ, ತಿದ್ದಿ, ಗೋಡೆಗೆ ಹಾಕುವಂತೆ ದೊಡ್ಡದು ಮಾಡುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಮುಖ. ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಎಷ್ಟು ನಡುಮನೆಗಳಲ್ಲಿ ಇವರ ಕೈಕೆಲಸಕ್ಕೆ ಹಾರ ಬಿದ್ದಿದೆಯೋ ಲೆಕ್ಕವಿಟ್ಟವರಿಲ್ಲ. ಕಟ್ಟಿನ ಹಿಂದೆ ಗಂಡ ನಸೀರ್ ಅವರ ಫ್ರೇಮ್ ಅಂಗಡಿಯ ಚೀಟಿ ಇರುತ್ತದೆ. ಇವರ ಹೆಸರು ಎಲ್ಲೂ ಇರುವುದಿಲ್ಲ, ಇರಬೇಕೆಂದು ಇವರೂ ಕೇಳಿದವರಲ್ಲ.

"ನಮ್ಮಲ್ಲಿ ತೀರಿಹೋದೋರ ಫೋಟೋ ಗೋಡೆಗೆ ಹಾಕಲ್ಲ. ನಮ್ಮ ಅಮ್ಮೀದೂ ಹಾಕಿಲ್ಲ. ಆದ್ರೆ ಅವರ ಮನೇಲಿ ದಿನಾ ದೀಪ ಹಚ್ಚಿ ನೋಡೋ ಮುಖ ಅದು. ನಾನು ಒಂದು ಸಲ ತಪ್ಪು ಮಾಡಿದ್ರೆ ಅವರಿಗೆ ದಿನಾ ತಪ್ಪು ಕಾಣ್ಸುತ್ತೆ."

ಈ ಸಲ ತಪ್ಪಾಗಿರುವುದು ಬಿಳಿಕೆರೆ ಕಡೆಯ ಮಹದೇವಪ್ಪನವರ ಮುಖ. ಹೊಗೆಸೊಪ್ಪು ಬೆಳೆದು, ಬಿಸಿಲಲ್ಲೇ ಬದುಕಿದ ಜೀವ. ಭಾನುವಾರ ಅವರ ವರ್ಷದ ತಿಥಿ. ಫೋಟೋ ಮಾಡಿಸಲು ಹೋದ ವಾರ ಮನೆಯವರೆಲ್ಲ ಬಂದಿದ್ದರು. ಅಣ್ಣತಮ್ಮಂದಿರು ಮಾನಿಟರಿಗೆ ಮುಖ ತಾಗುವಷ್ಟು ಹತ್ತಿರ ಬಗ್ಗಿ, "ಆಂ, ಇವ್ನೇ ಇವ್ನೇ" ಎಂದು ಒಪ್ಪಿದರು. ಹೆಂಡತಿ ಸುನಂದಮ್ಮ ಮಾತ್ರ ಬಾಗಿಲ ಬಳಿಯೇ ನಿಂತಿದ್ದರು. ಒಳಗೆ ಕರೆದರೂ ಬರಲಿಲ್ಲ. ಅಲ್ಲಿಂದ ಅವರಿಗೆ ಎಷ್ಟು ಕಂಡಿತೋ ಏನೋ, ಎಲ್ಲರೂ ತಲೆಯಾಡಿಸಿದಾಗ ಅವರೂ ಆಡಿಸಿದರು.

ಮೈಸೂರಿನ ಲ್ಯಾಬಿನಿಂದ ಪ್ರಿಂಟ್ ಬಂತು, ನಸೀರ್ ಕಟ್ಟು ಹಾಕಿದರು. ಅದನ್ನು ಕೈಗೆತ್ತಿಕೊಂಡ ಸುನಂದಮ್ಮ ಬಹಳ ಹೊತ್ತು ನೋಡಿ, ಮೆಲ್ಲಗೆ ತಿರುಗಿಸಿ ಕೊಟ್ಟರು. "ಇವ್ರು ನಮ್ಮೋರಲ್ಲ ಕಣವ್ವ. ಯಾರೋ ಮೇಷ್ಟ್ರಂಗವ್ರೆ."

ಬೈದಿದ್ದರೂ ವಾಸಿಯಿತ್ತು ಅನ್ನುತ್ತಾರೆ ಶಾಹಿಸ್ತಾ. ಮಂಕು ಪರದೆಯಲ್ಲಿ ಮುಖ ಕತ್ತಲಾಗಿ ಕಂಡದ್ದಕ್ಕೆ ಬೆಳಕು ಏರಿಸುತ್ತಾ ಹೋಗಿದ್ದಾರೆ. ಕಾಗದದ ಮೇಲೆ ಆ ಮನುಷ್ಯ ಜನ್ಮದಲ್ಲಿ ಬಿಸಿಲನ್ನೇ ಕಾಣದವನಂತೆ ಬಿಳಿಚಿಕೊಂಡಿದ್ದಾನೆ. "ಅವತ್ತಿಂದ ನಿದ್ದೆ ಇಲ್ಲ. ಮಂಕಾಗಿರೋದು ಮಾನಿಟರ್ರೋ, ನನ್ನ ಕಣ್ಣೋ? ಕಣ್ಣೇ ಆದ್ರೆ ಕೆಲಸ ಬಿಟ್ಟಂಗೆ."

ಹಾಗಾಗಿ ಇವತ್ತು ಹೊಸ ಮಾನಿಟರ್ ಕೊಳ್ಳುವ ದಿನ. ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಅಲ್ಲಿನ ಹುಡುಗ ಶರತ್ ಎರಡು ದೊಡ್ಡ ಪರದೆಗಳನ್ನು ಮೇಜಿನ ಮೇಲಿಟ್ಟಿದ್ದಾನೆ. ಎರಡೂ ಮೂವತ್ತೆರಡು ಇಂಚು. ಒಂದು ಬಿಲ್ಲಿನಂತೆ ಬಾಗಿದ್ದು, ಇನ್ನೊಂದು ಚಪ್ಪಟೆ. ಕೆಲಸಕ್ಕೂ ಬೇಕು, ಗೇಮಿಗೂ ಬೇಕು ಎಂದಿದ್ದಾರೆ ಶಾಹಿಸ್ತಾ.

"ಗೇಮು ಮಗನಿಗಾ ಅಕ್ಕ?"

"ನನಗೇ ಕಣಪ್ಪ."

ಶರತ್ ನಗು ತಡೆದುಕೊಳ್ಳುತ್ತಾನೆ. ನಗಲಿ ಪಾಪ. ಶಾಹಿಸ್ತಾ ಅವರ ತಂದೆ ಮರ ಸಾಗಿಸುವ ನಾಟಾ ಲಾರಿ ಓಡಿಸುತ್ತಿದ್ದವರು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರೇ ಹೊರತು ಸ್ಟೇರಿಂಗ್ ಮುಟ್ಟಲು ಬಿಟ್ಟವರಲ್ಲ. ಈಗ ಮಧ್ಯಾಹ್ನ ನಸೀರ್ ಅಂಗಡಿಯಲ್ಲಿದ್ದಾಗ ಮಗಳು ಕಂಪ್ಯೂಟರಿನಲ್ಲಿ ಹದಿನೆಂಟು ಚಕ್ರದ ಲಾರಿ ಓಡಿಸುತ್ತಾರೆ, ಯಾವುದೋ ದೇಶದ ಕತ್ತಲ ರಸ್ತೆಯಲ್ಲಿ, ಹಾರ್ನ್ ಬಾರಿಸಿಕೊಂಡು. ಸತ್ತವರ ಮುಖಗಳನ್ನೇ ನೋಡಿ ನೋಡಿ ಭಾರವಾದ ತಲೆಗೆ ಅದೊಂದೇ ಗಾಳಿ.

ಪೆನ್ ಡ್ರೈವ್ ಹಾಕಿ, ಮೊದಲು ಕೆಡಿಸಿದ ಮುಖವನ್ನೇ ತೆರೆಯುತ್ತಾರೆ. ಎರಡೂ ಪರದೆಗಳಲ್ಲಿ ಮಹದೇವಪ್ಪ ಬಿಳಿಚಿಕೊಂಡೇ ಕಾಣುತ್ತಾರೆ. ಶಾಹಿಸ್ತಾ ಕುರ್ಚಿಗೆ ಒರಗಿ ದೊಡ್ಡದೊಂದು ಉಸಿರು ಬಿಡುತ್ತಾರೆ. "ಅಲ್ಲಾನ ದಯೆ. ಕಣ್ಣು ನೆಟ್ಟಗಿದೆ, ತಪ್ಪು ಹಳೇ ಮಾನಿಟರಿಂದು."

ಆಮೇಲೆ ತೆರೆಯುವುದು ಆ ಮುಖ ಬಿಡಿಸಿಕೊಂಡ ಅಸಲಿ ಮದುವೆ ಫೋಟೋ. ಬಾಗಿದ ಪರದೆಯಲ್ಲಿ ಬಣ್ಣಗಳು ಎಷ್ಟು ಗಾಢವೆಂದರೆ ಮನಸ್ಸು ಅಲ್ಲೇ ಅಂಟಿಕೊಳ್ಳುತ್ತದೆ. ಲಾರಿ ಓಡಿಸಲು ಹೇಳಿ ಮಾಡಿಸಿದ್ದು. "ಗೇಮಿಗೆ ಇದೇ ಬೆಂಕಿ ಅಕ್ಕ," ಎಂದು ಶರತ್ ಆಸೆ ಹುಟ್ಟಿಸುತ್ತಾನೆ. "ಚಪ್ಪಟೇದ್ರಲ್ಲಿ ಕತ್ತಲೆ ಸೀನ್ ಬೂದು ಬೂದಾಗಿ ಕಾಣ್ಸುತ್ತೆ."

ತೆಗೆದುಕೊಂಡೇಬಿಡೋಣ ಎಂದು ಬಾಯಿಗೆ ಬಂದಿದೆ. ಅಷ್ಟರಲ್ಲಿ ಬಾಗಿಲ ಬಳಿ ನಿಂತ ಸುನಂದಮ್ಮ ನೆನಪಾಗುತ್ತಾರೆ. ಶಾಹಿಸ್ತಾ ಎದ್ದು ಅಂಗಡಿಯ ಬಾಗಿಲಿಗೆ ಹೋಗಿ, ಓರೆಯಾಗಿ ನಿಂತು ನೋಡುತ್ತಾರೆ. ಬಾಗಿದ ಪರದೆಯಲ್ಲಿ ಮಹದೇವಪ್ಪನವರ ಕೆನ್ನೆಯ ಕಪ್ಪು ತೊಳೆದುಹೋಗಿದೆ. ಮತ್ತೆ ಮೇಷ್ಟ್ರೇ ಬಂದು ಕೂತಿದ್ದಾರೆ. ಚಪ್ಪಟೆ ಪರದೆಯಲ್ಲಿ ಮುಖ ಎದುರಿಗೆ ಹೇಗಿತ್ತೋ ಹಾಗೇ ಇದೆ.

"ಡಬ್ಬ ಬಿಚ್ಚಿದ ಮೇಲೆ ವಾಪಸ್ ಇಲ್ಲ ಅಕ್ಕ, ಯೋಚನೆ ಮಾಡಿ," ಅನ್ನುತ್ತಾನೆ ಶರತ್. ಬಾಗಿದ ಪರದೆಯನ್ನು ಇನ್ನೊಮ್ಮೆ ಆಸೆಯಿಂದ ನೋಡಿ ಶಾಹಿಸ್ತಾ ಚಪ್ಪಟೆಯದನ್ನು ಕಟ್ಟಿಸುತ್ತಾರೆ. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಎತ್ತಿ ಹಿಡಿದು ಮನೆ ಸೇರುವಷ್ಟರಲ್ಲಿ ತೋಳುಗಳು ಸೋತುಹೋಗಿವೆ. ನಸೀರ್ ಡಬ್ಬ ನೋಡಿ, "ಬಂದೋರಿಗೆ ಸಿನಿಮಾ ತೋರಿಸ್ತೀಯಾ?" ಎಂದು ರೇಗಿಸಿದರೂ ಇವರಿಗೆ ನಗು ಬರುವುದಿಲ್ಲ. ಪರದೆ ಸರಿಯಿದೆ, ಕಣ್ಣೂ ಸರಿಯಿದೆ. ಇನ್ನು ತಪ್ಪಾದರೆ ಅದು ಕೈಯ ತಪ್ಪೇ.

ಮಾರನೇ ದಿನ ಸುನಂದಮ್ಮ ಒಬ್ಬರೇ ಬರುತ್ತಾರೆ, ಮತ್ತೆ ಬಾಗಿಲ ಬಳಿ ನಿಲ್ಲುತ್ತಾರೆ. ಶಾಹಿಸ್ತಾ ಕುರ್ಚಿಯನ್ನೇ ಅಲ್ಲಿಗೆ ಒಯ್ದು ಹಾಕುತ್ತಾರೆ. "ಇಲ್ಲೇ ಕೂತ್ಕೊಳ್ಳಿ ಅಮ್ಮ. ಇಲ್ಲಿಗೇ ಕಾಣ್ಸುತ್ತೆ. ನೀವು ಹೇಳಿ, ನಾನು ಮಾಡ್ತೀನಿ."

ಬೇಡ ಬೇಡವೆನ್ನುತ್ತಲೇ ಸುನಂದಮ್ಮ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. "ವಸಿ ಕಪ್ಪು ಮಾಡವ್ವ." ಶಾಹಿಸ್ತಾ ಮಾಡುತ್ತಾರೆ. "ಇನ್ನೂ ವಸಿ. ಹಣೆ ಮಾತ್ರ ಬುಡು, ಅಲ್ಲಿ ಯಾವಾಗ್ಲೂ ಟವಲ್ ಸುತ್ಕಂಡಿರೋರು." ಟವಲಿನ ಕೆಳಗೆ ಬಿಸಿಲು ಕಾಣದ ಹಣೆ, ಅದರ ಕೆಳಗೆ ಸುಟ್ಟ ಕೆನ್ನೆ. ಶಾಹಿಸ್ತಾ ಬಣ್ಣ ಇಳಿಸುತ್ತಾ ಹೋಗುತ್ತಾರೆ. ಬಾಗಿಲ ಕಡೆ ಕುರ್ಚಿ ಕಿರ್ರೆನ್ನುತ್ತದೆ. ಮತ್ತೆ ತಪ್ಪಾಯಿತೇ ಎಂದು ಹೆದರಿ ತಿರುಗಿದರೆ ಸುನಂದಮ್ಮ ಕುರ್ಚಿ ಬಿಟ್ಟು ಎದ್ದು ನಿಂತಿದ್ದಾರೆ. ಸೆರಗು ಹೆಗಲ ತುಂಬಾ ಹೊದ್ದುಕೊಂಡಿದ್ದಾರೆ.

"ಯಾಕಮ್ಮ ಎದ್ರಿ?"

"ಅವ್ರ ಮುಂದೆ ನಾನು ಯಾವತ್ತೂ ಕುರ್ಚಿ ಮ್ಯಾಲೆ ಕೂತಿಲ್ಲ ಕಣವ್ವ."

ಫೋಟೋ ಸರಿಯಾಯಿತಾ ಎಂದು ಶಾಹಿಸ್ತಾ ಕೇಳಲೇ ಇಲ್ಲವಂತೆ. "ಇನ್ನೇನು ಕೇಳ್ಲಿ? ಸೇವ್ ಮಾಡ್ದೆ," ಅನ್ನುತ್ತಾರೆ. "ಆಮೇಲೆ ಮಾನಿಟರ್ ಆಫ್ ಮಾಡ್ದೆ, ಪಾಪ, ಅಮ್ಮ ಕೂತ್ಕೊಳ್ಲಿ ಅಂತ."