ಎಡ, ಬಲ ಮತ್ತು ತಕ್ಕಡಿಯ ಮುಳ್ಳು

ನಮ್ಮ ಮನೆಯಲ್ಲಿ ಈಗ ಎರಡೂವರೆ ತಾಸಿಗೊಮ್ಮೆ ಗಂಟೆ ಬಾರಿಸುತ್ತದೆ. ಅದು ದೇವರ ಗಂಟೆಯಲ್ಲ, ಗಣಿತದ ಟೀಚರಾಗಿ ಮೂವತ್ತು ವರ್ಷ ನಾನು ಓಗೊಟ್ಟ ಶಾಲೆಯ ಗಂಟೆಯೂ ಅಲ್ಲ. ಬಾಣಂತನಕ್ಕೆ ಬಂದಿರುವ ಮಗಳು ಸುಮತಿಯ ಫೋನಿನಲ್ಲಿರುವ, ಹಾಲೂಡಿಸುವುದನ್ನು ನೆನಪಿಸುವ ಆ್ಯಪಿನದು. ಕೂಸಿನ ಹಸಿವು ಕೂಸಿಗಿಂತ ಮೊದಲೇ ಗೊತ್ತಾಗುವ ಈ ಸರ್ವಜ್ಞ ಯಂತ್ರವು ಎಡವೋ ಬಲವೋ, ಎಷ್ಟು ನಿಮಿಷ ಎಂದು ವಿಚಾರಿಸುತ್ತದೆ. ಸುಮತಿಯನ್ನು ಸಾಕುವಾಗ ನಾನು ಯಾವ ಕಡೆಯಿಂದ ಎಷ್ಟು ಕುಡಿಸಿದೆನೋ ಆ ಪರಮಾತ್ಮನಿಗೂ ತಿಳಿದಿರಲಾರದು.

ಮೊದಮೊದಲು ಗೊಣಗಿದ ನಾನು ವಾರದೊಳಗೆ ಅದರ ಪರಮ ಭಕ್ತೆಯಾದೆ. ಅಂಕಿ ಕಂಡರೆ ಕರಗುವ ಜಾತಿ ನನ್ನದು. ಮಗುವಿನ ತೂಕ ತುಂಬಿಸಿದರೆ ಆ್ಯಪು ಗೆರೆ ಎಳೆದು ತೋರಿಸುತ್ತದೆಂದು ತಿಳಿದ ದಿನ, ತಮಿಳು ಸೀಮೆಯ ನಮ್ಮ ಬೆಟ್ಟದಲ್ಲಿ ಸೋಲೂರಿನ ಆರೋಗ್ಯ ಕೇಂದ್ರಕ್ಕೆ ಬಸ್ಸಿದ್ದರೂ, ಅಷ್ಟು ದೂರ ಏಕೆಂದು, ಮಳೆ ಬಿಟ್ಟ ಹೊತ್ತು ನೋಡಿ ಮೂರು ವಾರದ ಕೂಸನ್ನೆತ್ತಿಕೊಂಡು ನಮ್ಮ ಹಟ್ಟಿಯ ಕೆಳಗಿನ ಚಹಾ ಎಲೆ ತೂಗುವ ಶೆಡ್ಡಿಗೆ ಹೋದೆ. ಎಲೆ ಕೊಡುವವರು ಬರುವ ಹೊತ್ತಲ್ಲವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಹಳೆಯ ಸೀರೆಯ ಜೋಳಿಗೆಯಲ್ಲಿ ಕೂಸನ್ನು ಮಲಗಿಸಿ ತಕ್ಕಡಿಯ ಕೊಕ್ಕೆಗೆ ತೂಗುಹಾಕಿ, ಕೈಯನ್ನು ಅಡಿಗೇ ಹಿಡಿದು, ಮುಳ್ಳು ನೋಡಿದೆ. ಬಂದ ತೂಕದಲ್ಲಿ ಸೀರೆಯ ತೂಕವನ್ನು ಶ್ರದ್ಧೆಯಿಂದ ಕಳೆದೆ.

ಹುಟ್ಟಿದಾಗಿನ ತೂಕಕ್ಕಿಂತ ಕಡಿಮೆ. ಆ್ಯಪು ಕೆಂಪಾಯಿತು.

ಸುಮತಿ ಅಳಲಿಲ್ಲ, ಫೋನನ್ನೇ ನೋಡುತ್ತ ಕುಳಿತಳು. "ಎನ್ನ ಹಾಲು ಕೂಸುಗ ಸಾಲದು, ಅವ್ವೆ," ಎಂದಳು. ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ, ಕೂಸು ಅತ್ತಾಗಲೆಲ್ಲ ತಾನೇ ತಪ್ಪಿತಸ್ಥೆಯೆಂಬಂತೆ ಬೆಚ್ಚುತ್ತಿದ್ದಳು. ಸಾಲದ ಹಾಲಿಗೆ ಪರಿಹಾರವೆಂದು ಡಬ್ಬಿಯ ಪುಡಿ ತಂದವಳೂ ನಾನೇ, ಎದೆಯನ್ನು ಬಿಡಿಸಿ ಬಾಟಲಿ ಹಿಡಿಸಿದವಳೂ ನಾನೇ. ಕುಡಿಯುವ ಬಾಯಿಲ್ಲದ ಹಾಲು ಇಂಗುತ್ತ ಹೋಯಿತು.

ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಲು ಸೋಲೂರಿನ ಕೇಂದ್ರಕ್ಕೆ ಹೋದೆವು. ಅಲ್ಲಿಯ ನರ್ಸಮ್ಮ ಕೂಸನ್ನು ತೂಗಿ, ಕೆನ್ನೆ ಚಿವುಟಿ, ನಮ್ಮ ಕಥೆ ಕೇಳಿ, ನಾನು ಬರೆದಿಟ್ಟ ಮೂರನೆಯ ವಾರದ ತೂಕ ನೋಡಿ ಹುಬ್ಬು ಗಂಟಿಕ್ಕಿದಳು. "ಪಾಪ್ಪಾ ನಲ್ಲಾ ತಾನೇ ಇರುಕ್ಕು. ಎದುಕ್ಕು ಪಾಲ್ ನಿರುತ್ತಿನೀಂಗ?" ಮಗು ಚೆನ್ನಾಗಿಯೇ ಇದೆ, ಹಾಲು ಏಕೆ ನಿಲ್ಲಿಸಿದಿರಿ ಎಂಬ ಆ ತಮಿಳು ಪ್ರಶ್ನೆಗೆ ನಾನು ಮೂರನೆಯ ವಾರದ ಅಂಕಿಯ ಮೇಲೆ ಮತ್ತೆ ಬೆರಳಿಟ್ಟು ತೋರಿಸಿದೆ. ಎಲ್ಲಿ ತೂಗಿದಿರಿ ಎಂದು ಅವಳು ಕೇಳಿದಾಗ ಮಾತ್ರ ನನಗೆ ಹೊಳೆಯಿತು. ಮಳೆಗಾಲದಲ್ಲಿ ಒದ್ದೆ ಗೋಣಿಯ ತೂಕ ಎಲೆಗೆ ಸೇರದಿರಲೆಂದು ಆ ಶೆಡ್ಡಿನಲ್ಲಿ ಮುಳ್ಳನ್ನು ಸೊನ್ನೆಗಿಂತ ಹಿಂದಕ್ಕೆ ತಿರುಗಿಸಿಡುತ್ತಾರೆ. ಹಟ್ಟಿಯ ಮಕ್ಕಳಿಗೂ ಗೊತ್ತಿರುವ ವಾಡಿಕೆ ಅದು. ವರ್ಷಗಟ್ಟಲೆ ಅದೇ ಕೊಕ್ಕೆಗೆ ನಮ್ಮ ತೋಟದ ಎಲೆ ತೂಗಿಸಿದ ನಾನು, ಗೋಣಿಯೇ ಇಲ್ಲದ ಕೂಸಿನ ಮೈಯಿಂದ ಗೋಣಿಯ ತೂಕ ಕಳೆದು, ಸಾಲದ್ದಕ್ಕೆ ಸೀರೆಯದ್ದನ್ನೂ ಕಳೆದಿದ್ದೆ.

ಆ್ಯಪನ್ನು ಬೈಯಲು ನನಗೆ ಬಾಯಿಲ್ಲ. ನಾನು ಕೊಟ್ಟದ್ದನ್ನೇ ಅದು ನಂಬಿತು, ಸುಮತಿಯೂ ಅದನ್ನೇ ನಂಬಿದಳು. ಕೂಸು ಕೈಕಾಲು ಆಡಿಸುತ್ತಿತ್ತು, ಬಟ್ಟೆ ಒದ್ದೆ ಮಾಡುತ್ತಿತ್ತು, ಹೊಟ್ಟೆ ತುಂಬಿ ಎದೆ ಬಿಟ್ಟು ನಿದ್ದೆಹೋಗುತ್ತಿತ್ತು. ಅದನ್ನು ದಿನವಿಡೀ ಕಂಡ ನಾವಿಬ್ಬರೂ ಕಣ್ಣನ್ನು ನಂಬಲಿಲ್ಲ. ಸತ್ಯ ಹೇಳಿದ ಮೇಲೆ ಸುಮತಿ ಕೂಸನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮತ್ತೆ ಮತ್ತೆ ಎದೆಗೆ ಹಚ್ಚಿದರೆ ಹಾಲು ಮರಳಲೂಬಹುದು, ಮರಳದೆಯೂ ಇರಬಹುದು ಎಂದು ನರ್ಸಮ್ಮ ಹೇಳಿದ್ದಾಳೆ. ಆದ್ದರಿಂದ ಗಂಟೆಯನ್ನು ನಾವು ನಿಲ್ಲಿಸಿಲ್ಲ; ಈಗ ಅದು ಬಾರಿಸುವುದನ್ನೇ ನಾನು ಕಾಯುತ್ತೇನೆ. ಇಂದು ಮಧ್ಯಾಹ್ನವೂ ಬಾರಿಸಿತು. ಸುಮತಿ ಕೂಸನ್ನೆತ್ತಿ ಎದೆಗೆ ಹಚ್ಚಿದಳು. ಅದು ನಾಲ್ಕು ಸಲ ಚೀಪಿ, ಮುಖ ತಿರುಗಿಸಿ ಅತ್ತಿತು. ಅವಳು ಫೋನಿನಲ್ಲಿ ತುಂಬಿಸಿದಳು: ಎಡ, ಒಂದು ನಿಮಿಷ. ಆಮೇಲೆ ನನ್ನ ಕಡೆ ನೋಡದೆ ಕೈ ಚಾಚಿದಳು. ಬಾಟಲಿ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ.